ದುಂಡಸಿಯ ದನಿ

"ನಾನು ಪ್ರತಿದಿನ ಬೆಳಿಗ್ಗೆ ಬೇಗನೆ ಏಳುತ್ತೇನೆ. ತದನಂತರ ಸ್ನಾನವನ್ನು ಮಾಡುತ್ತೇನೆ," ಎಂದಳು ಫಕ್ಕೀರವ್ವ.

ಸುಧಾರಾಣಿ ಹಣೆ ಒತ್ತಿಕೊಂಡಳು. ಕಟ್ಟೆಯ ಮೇಲೆ ನಿಂತು ಮಾತಾಡಿದರೆ ದುಂಡಸಿಯ ಬಸ್‌ಸ್ಟ್ಯಾಂಡಿನವರೆಗೂ ಕೇಳಿಸುವಂಥ ಸೋದರತ್ತೆ ಇವಳು. ಮೊಬೈಲಿನ ರೆಕಾರ್ಡರ್ ಶುರುವಾಗಿದ್ದೇ ತಡ, ತಲೆಯ ಮೇಲೆ ಸೆರಗು ಹೊದ್ದು, ಬೆನ್ನು ನೆಟ್ಟಗೆ ಮಾಡಿ, ಟಿವಿಯಲ್ಲಿ ವಾರ್ತೆ ಓದುವವಳಂತೆ ಕೂತುಬಿಟ್ಟಿದ್ದಳು.

"ಅತ್ತೆ, ಹೀಗಲ್ಲ. ದಿನಾ ಮಾತಾಡ್ತೀರಲ್ಲ, ಹಾಗೆ ಮಾತಾಡಿ."

"ಮೊದಲ ಅದನ್ನ ಬಂದ್ ಮಾಡು, ಹೇಳ್ತೇನಿ." ಸುಧಾರಾಣಿ ರೆಕಾರ್ಡರ್ ನಿಲ್ಲಿಸಿದಳು. "ಇದನ್ನ ಯಾರ್ ಕೇಳ್ತಾರ?"

"ನಮ್ಮ ಮೇಡಂ. ಡಿಪಾರ್ಟ್‌ಮೆಂಟಿನವರು."

"ಮತ್ತ? ಅಂಥಾವ್ರ ಮುಂದ ನಾ ಹೆಂಗರ ಮಾತಾಡಿದ್ರ ನಿನ್ನ ಮರ್ಯಾದಿ ಏನಾಗಬೇಕು?"

ಶಿಗ್ಗಾಂವಿ, ಸವಣೂರು ಕಡೆಯ ಮಾತಿನ ಕ್ರಿಯಾರೂಪಗಳು ಎಂಬುದು ಸುಧಾರಾಣಿಯ ಪಿಎಚ್‌ಡಿ ವಿಷಯ. ದಕ್ಷಿಣದ ದೊಡ್ಡ ವಿಶ್ವವಿದ್ಯಾಲಯವೊಂದಕ್ಕೆ ಸೇರಿದ ಮೊದಲ ವಾರ, ಸೆಮಿನಾರಿನಲ್ಲಿ ಯಾವುದೋ ಪ್ರಶ್ನೆಗೆ ಅವಳು "ಆಮ್ಯಾಲ ಹೇಳ್ತೇನಿ" ಎಂದಿದ್ದಳು. ಕೋಣೆ ನಕ್ಕಿತ್ತು. ಕೆಟ್ಟ ನಗುವೇನಲ್ಲ. ಆದರೆ ಆಮೇಲೆ ಕ್ಯಾಂಟೀನಿನಲ್ಲಿ, ಲೈಬ್ರರಿಯ ಮೆಟ್ಟಿಲ ಮೇಲೆ, ಎಲ್ಲಿ ಕಂಡರೂ ಜೊತೆಯವರು ಅವಳಿಗೆ "ಏನು, ಹೇಳ್ತೇನಿ?" ಅನ್ನತೊಡಗಿದರು. ಅಂದಿನಿಂದ ಅವಳು ತುಟಿಗೆ ಕಾವಲಿಟ್ಟಳು. ಈಗ ಅವಳ ಮಾತು ಕೇಳಿ ಊರು ಯಾವುದೆಂದು ಯಾರೂ ಗುರುತು ಹಿಡಿಯುತ್ತಿರಲಿಲ್ಲ. ಮಾರ್ಗದರ್ಶಕಿ ಯಶೋಧರಾ ಮಾತ್ರ ಅವಳ ಅಧ್ಯಾಯವನ್ನು ಎರಡು ಸಲ ವಾಪಸು ಕೊಟ್ಟಿದ್ದರು. "ಇದೆಲ್ಲ ಪುಸ್ತಕದಿಂದ ಬಂದದ್ದು, ಬಾಯಿಂದ ಬಂದದ್ದಲ್ಲ. ಊರಿಗೆ ಹೋಗಿ ಬಾ. ಈ ಸಲವೂ ಆಗದಿದ್ದರೆ ವಿಷಯ ಬದಲಾಯಿಸೋಣ."

"ಅದಿರಲಿ ಅತ್ತೆ, 'ತದನಂತರ' ಅನ್ನೋದನ್ನ ಎಲ್ಲಿ ಕಲಿತಿರಿ?" ಸುಧಾರಾಣಿಗೆ ನಿಜಕ್ಕೂ ಕುತೂಹಲವಾಗಿತ್ತು. ಫಕ್ಕೀರವ್ವ ಮೂರನೇ ಇಯತ್ತೆಗೇ ಶಾಲೆ ಬಿಟ್ಟವಳು.

"ನಿನ್ನ ಕಡೇನ ಕಲ್ತೇನಿ. ಸೂಟಿಗೆ ಬಂದಾಗ ಇಲ್ಲೇ ನಿಂತು ಗೆಳತ್ಯಾರ ಜೋಡಿ ಫೋನಿನ್ಯಾಗ ಮಾತಾಡ್ತೀಯಲ್ಲ. ನಾ ಒಳಗ ರೊಟ್ಟಿ ಬಡ್ಕೋಂತ ಕೇಳ್ತಿರ್ತೇನಿ. ಚಂದ ಇರ್ತೈತಿ. ಯಾರೋ ಸಾಹೇಬರ ಮಗಳು ನಮ್ಮ ಮನಿಗೆ ಬಂದಾಳೇನೋ ಅನ್ನಿಸ್ತೈತಿ."

ಸುಧಾರಾಣಿ ಮತ್ತೆ ರೆಕಾರ್ಡರ್ ಒತ್ತಿ ಕಟ್ಟೆಯ ಮೇಲಿಟ್ಟಳು. ಫಕ್ಕೀರವ್ವ ಸೆರಗು ಸರಿಮಾಡಿಕೊಂಡು, "ನಮ್ಮ ಗ್ರಾಮವು ಅತ್ಯಂತ ಸುಂದರವಾಗಿದೆ," ಎಂದು ಮುಂದುವರಿಸಿದಳು.

ಅದೇ ಹೊತ್ತಿಗೆ ಎದುರು ಮನೆಯ ಶಿದ್ಲಿಂಗಪ್ಪನ ಆಡು ಅಂಗಳದಲ್ಲಿ ಹಾಸಿದ್ದ ಹಳೇ ಸೀರೆಯ ಮೇಲೆ ಜಿಗಿಯಿತು. ಫಕ್ಕೀರವ್ವ, ಸುಧಾರಾಣಿ ಇಬ್ಬರೂ ಕೂಡಿ ಹಾಕಿದ್ದ ಸಂಡಿಗೆ ಅಲ್ಲಿ ಒಣಗುತ್ತಿತ್ತು.

"ಎಲಾ ಇದರ ಮಾರಿಗೆ ಮಣ್ಣ ಹಾಕ! ಹತ್ತೈತಿ ನೋಡ ಸಂಡಿಗಿ ಮ್ಯಾಲ! ಅತ್ತೀ, ಬಡಿಗಿ ತಗೊಂಬಾ, ನಿಂತು ಏನ್ ನೋಡಾಕತ್ತಿ? ಮುಂಜಾನಿಂದ ಸೊಂಟಾ ಮುರಕೊಂಡು ಹಾಕೇನಿ ನಾ! ಏ ಶಿದ್ಲಿಂಗಪ್ಪಣ್ಣಾ, ಆಡು ಕಟ್ಟಾಕ ಮನ್ಯಾಗ ಒಂದು ಹಗ್ಗಾನೂ ಇಲ್ಲೇನ ನಿನಗ? ಇನ್ನೊಮ್ಮೆ ಬರಲಿ, ಶಿಗ್ಗಾಂವಿ ಬಸ್ಸಿಗೆ ಹತ್ತಿಸಿ ಕಳಸ್ತೇನಿ, ಟಿಕೀಟ್ ನೀನ ಕೊಡಬೇಕಾಕ್ಕೈತಿ!"

ಆಡು ಓಡಿತು. ಸುಧಾರಾಣಿ ಅದರ ಬೆನ್ನು ಹತ್ತಿ ಓಣಿಯ ತಿರುವಿನವರೆಗೂ ಓಡಿದಳು. ಫಕ್ಕೀರವ್ವ ಬಾಗಿಲ ಕಂಬಕ್ಕೊರಗಿ, ಬಾಯಿಗೆ ಸೆರಗು ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ವಿಶ್ವವಿದ್ಯಾಲಯಕ್ಕೆ ಮರಳಿದಾಗ ಸುಧಾರಾಣಿಗೆ ಆ ರೆಕಾರ್ಡಿಂಗನ್ನು ತಿರುಗಿ ಕೇಳುವ ಮನಸ್ಸೂ ಇರಲಿಲ್ಲ. ಈ ಸಲವೂ ಆಗಲಿಲ್ಲ ಎಂದು ಹೇಳಿಬಿಡುವುದೆಂದು ನಿಶ್ಚಯಿಸಿ ಯಶೋಧರಾ ಅವರ ಕೋಣೆಗೆ ಹೋದಳು. ಆಚೆಯ ಮೇಜಿನಲ್ಲಿ ಜೊತೆಯವರಾದ ಪ್ರಶಾಂತ, ಶ್ವೇತಾ ತಮ್ಮ ತಮ್ಮ ಕೆಲಸದಲ್ಲಿದ್ದರು. ಆದರೂ ಕೇಳಿ ನೋಡೋಣವೆಂದು ಯಶೋಧರಾ ಕಂಪ್ಯೂಟರಿನಲ್ಲಿ ಅವಳ ಫೈಲು ತೆರೆದು ಫಕ್ಕೀರವ್ವನ 'ಸುಂದರ ಗ್ರಾಮ' ಕೇಳಿದರು, ನಿಟ್ಟುಸಿರು ಬಿಟ್ಟರು, ನಿಲ್ಲಿಸಲೆಂದು ಮೌಸಿನತ್ತ ಕೈ ಒಯ್ದರು. ಆಗ ಆಡು ಬಂತು.

ಅವರ ಕೈ ಅಲ್ಲೇ ನಿಂತಿತು. ಹಿಂದಕ್ಕೆ ಹೋಗಿ ಮತ್ತೆ ಕೇಳಿದರು. ದನಿ ಏರಿಸಿ ಇನ್ನೊಮ್ಮೆ ಕೇಳಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಯಾರಮ್ಮ ಇದು? ಸಿಟ್ಟು ಬಂದಾಗ ಮಾತ್ರ ನಾಲಿಗೆಗೆ ಬರೋ ರೂಪಗಳು ಇವು. ಕೂರಿಸಿಕೊಂಡು ಕೇಳಿದರೆ ಯಾರೂ ಹೇಳೋದಿಲ್ಲ. 'ಅತ್ತೀ' ಅಂತಾಳಲ್ಲ, ಆ ಮನೆಯ ಸೊಸೆಯೇ? ಈಕೆ ಸಿಕ್ಕರೆ ನಿನ್ನ ಅಧ್ಯಾಯವೇ ಸಿಕ್ಕ ಹಾಗೆ. ಮತ್ತೊಮ್ಮೆ ಮಾತಾಡಿಸೋದಕ್ಕೆ ಆಗುತ್ತಾ?"

ಆಚೆಯ ಮೇಜಿನಲ್ಲಿ ಇಬ್ಬರೂ ತಲೆ ಎತ್ತಿದ್ದರು. "ಮೇಡಂ, ಇನ್ನೊಂದ್ಸಲ ಹಾಕಿ," ಎಂದ ಪ್ರಶಾಂತ. ಅವನು ನಗುತ್ತಿದ್ದನೋ ಇಲ್ಲವೋ, ಸುಧಾರಾಣಿ ತಿರುಗಿ ನೋಡಲಿಲ್ಲ. ಅವಳ ಕಿವಿ ಬಿಸಿಯಾಗಿತ್ತು. 'ಪಕ್ಕದ ಮನೆಯವರು ಮೇಡಂ' ಎಂಬ ಮಾತು ತುಟಿಯವರೆಗೆ ಬಂದಿತ್ತು. ಅದನ್ನು ನುಂಗಿ, ಕುರ್ಚಿ ಎಳೆದುಕೊಂಡು ಕೂತಳು.

"ಮುಂದಿಂದೂ ಕೇಳ್ರಿ ಮೇಡಂ," ಎಂದಳು. "ಆಡಿಗಷ್ಟ ಅಲ್ಲರಿ, ಅದರ ಮಾಲಕಗೂ ನಾನ ಬೈದೇನಿ."