ಆರ್ಮಾಂಡ್‌ನ ಮೂರನೇ ಗೋಲು

"ಇನ್ನೊಂದು, ಆರ್ಮಾಂಡ್! ಇನ್ನೊಂದೇ ಒಂದು!" ಎಂದು ಬೀವರ್ಸ್ ತಂಡದ ಕೋಚ್ ಕೂಗಿದ. ಆರ್ಮಾಂಡ್ ಥೆರಿಯೋ ಆಗತಾನೇ ತನ್ನ ಎರಡನೇ ಗೋಲು ಹೊಡೆದು, ಉಸಿರು ಸಾಲದೆ ಬೇಲಿ ಹಿಡಿದು ನಿಂತಿದ್ದ. ಆಟ ಮುಗಿಯುವುದಕ್ಕೆ ಸ್ವಲ್ಪವೇ ಹೊತ್ತಿತ್ತು. ಅಲ್ಲಿಗೆ ತಂಡದ ಕಥೆಯೂ ಮುಗಿದಂತೆ. ಅಕ್ಟೋಬರಿನಲ್ಲಿ ಬ್ಯಾಂಡು ಬಾರಿಸಿ ಶುರುಮಾಡಿದ ಈ ಐಸ್ ಹಾಕಿ ತಂಡವನ್ನು ಜನವರಿಯಲ್ಲೇ ಮುಚ್ಚುತ್ತಿದ್ದರು. ಒಂಟಾರಿಯೊದ ನಮ್ಮ ಈ ಮೂಲೆಯಲ್ಲಿ ನೆಗಡಿ ಕೂಡ ಇದಕ್ಕಿಂತ ಹೆಚ್ಚು ದಿನ ಇರುತ್ತದೆ.

ಆರ್ಮಾಂಡ್‌ಗೆ ಮೂವತ್ತೆಂಟು. ನಾಳೆಯಿಂದ ಕಾಗದದ ಕಾರ್ಖಾನೆ, ಅಷ್ಟೇ. ಒಂದೇ ಆಟದಲ್ಲಿ ಒಬ್ಬನೇ ಮೂರು ಗೋಲು ಹೊಡೆದರೆ ಜನ ತಮ್ಮ ತಲೆಯ ಟೋಪಿ ತೆಗೆದು ಅಂಗಳಕ್ಕೆ ಎಸೆಯುವುದು ಪದ್ಧತಿ. ಆ ಟೋಪಿಗಳ ನಡುವೆ ಒಮ್ಮೆಯಾದರೂ ನಿಲ್ಲಬೇಕೆಂದು ಅವನಿಗೆ ಚಿಕ್ಕಂದಿನಿಂದ ಆಸೆ. ಇವತ್ತು ತಪ್ಪಿದರೆ ಜನ್ಮಕ್ಕೇ ತಪ್ಪಿದಂತೆ.

"ಏನಜ್ಜಾ, ಕೂತ್ಕೊಳ್ಳೋಕೆ ಕುರ್ಚಿ ತರಿಸ್ಲಾ?" ಎದುರು ತಂಡದ ಗೋಲ್‌ಕೀಪರ್ ಕೌಕೊ ಕಿಚಾಯಿಸಿದ.

"ನಿನ್ ಬಲೆ ತೂತಾಗಿದೆ, ಮೊದ್ಲು ಅದನ್ನ ನೋಡ್ಕೊಳೋ ತಮ್ಮಾ."

"ಇನ್ನೊಂದು ಹೊಡಿ ನೋಡೋಣ. ಹೊಡದ್ರೆ ನಂಗೆ ಬೇರೆ ಹೆಸರಿಡು."

ಚೆಂಡಿನ ಬದಲು ಆಡುವ ರಬ್ಬರ್ ಬಿಲ್ಲೆ, ಪಕ್, ಯಾರದೋ ಕಾಲಿಗೆ ತಾಗಿ ಆರ್ಮಾಂಡ್‌ನ ಮುಂದೆ ಬಂತು. ಬೀಸಿ ಹೊಡೆದ. ಆ ಭರಕ್ಕೆ ತಾನೂ ಬೋರಲು ಬಿದ್ದ. ಪಕ್ ಮಾತ್ರ ಕೌಕೊನ ಕಾಲಸಂದಿಯಲ್ಲಿ ನುಸುಳಿ ಬಲೆ ಸೇರಿತು.

ಆರ್ಮಾಂಡ್ ಎದ್ದು, ಎರಡೂ ಕೈ ಎತ್ತಿ, ನಮ್ಮತ್ತ ನೋಡಿದ. ನಾವು ಕುಣಿದೆವು, ಕೂಗಿದೆವು, ಸಿಳ್ಳೆ ಹಾಕಿದೆವು. ಒಂದು ಟೋಪಿಯೂ ಬೀಳಲಿಲ್ಲ. ಹೊರಗೆ ಸೊನ್ನೆಗಿಂತ ಮೂವತ್ತೈದು ಡಿಗ್ರಿ ಕೆಳಗಿನ ಚಳಿ. ಎಸೆದ ಟೋಪಿ ಮರಳಿ ಕೇಳುವ ಪದ್ಧತಿಯೂ ಇಲ್ಲ. ಅವನ ಹೆಂಡತಿ ಐರೀನ್ ಕೂಡ ತನ್ನ ತುಪ್ಪಳದ ಟೋಪಿಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದಳು.

"ಎಸಿಯೇ, ನಿನ್ ಗಂಡ ಕಣೇ!" ಎಂದಳು ಪಕ್ಕದವಳು.

"ನೀನೇ ಎಸಿ. ನಾನು ಮನೆಗೆ ನಡ್ಕೊಂಡು ಹೋಗ್ಬೇಕು. ಕಿವಿ ಉದುರಿಹೋದ್ರೆ ಅವ್ನು ತಂದ್ಕೊಡ್ತಾನಾ?"

ಆರ್ಮಾಂಡ್‌ನ ಕೈಗಳು ಮೆಲ್ಲಗೆ ಕೆಳಗಿಳಿದವು. ಅಯ್ಯೋ ಪಾಪ ಎನಿಸಿತು. ಆದರೂ ಎಲ್ಲರ ಟೋಪಿ ಎಲ್ಲರ ತಲೆಯ ಮೇಲೇ ಇತ್ತು.

ಆಗ ಕೌಕೊ ತನ್ನ ಹೆಲ್ಮೆಟ್ ಕಳಚಿ ಮಂಜುಗಡ್ಡೆಯ ಮೇಲೆ ಜಾರಿಸಿದ. ಅದು ಗಿರಗಿರನೆ ತಿರುಗುತ್ತ ಹೋಗಿ ಆರ್ಮಾಂಡ್‌ನ ಕಾಲ ಬಳಿ ನಿಂತಿತು. ಬೆವತ ತಲೆಯಿಂದ ಹಬೆಯೇಳುತ್ತಿದ್ದಂತೆ ಕೌಕೊ ನಮ್ಮ ಕಡೆ ತಿರುಗಿ ಗದರಿದ:

"ಮೂರು ಗೋಲು ತಿಂದ ನಾನೇ ಕೊಟ್ಟೆ. ನಿಮಗೇನ್ರೀ ಬಂದಿರೋದು ರೋಗ?"