ಸಾಹೇಬರ ಜ್ವರ

ಅಂಗೈಯಿಂದ ಅಂಗೈಗೆ ಜ್ವರ ದಾಟಿಸುವ ಪದ್ಧತಿ ಬಂದು ಎರಡು ವರ್ಷವಾಗಿತ್ತು. ಪಿಡುಗು ಊರು ಬಿಟ್ಟಿರಲಿಲ್ಲ. ಅಧಿಕಾರಿ ಮಲಗಿದರೆ ಠಾಣೆ ನಡೆಯದೆಂದು ಅವರ ಜ್ವರವನ್ನು ಪೊಲೀಸರು ಸರದಿಯ ಮೇಲೆ ಹೊರುತ್ತಿದ್ದರು. ಬೆಳಗಿನ ಹಾಜರಿಯಲ್ಲಿ ಇನ್‌ಸ್ಪೆಕ್ಟರರು ಕೆಂಡದಂತಹ ಕೈ ಚಾಚಿದಾಗ ಸರದಿ ಪೇದೆ ನೀಲಗಂಗಾಳದಾಗಿತ್ತು.

ಮನೆಯಲ್ಲಿ ನಾಲ್ಕು ತಿಂಗಳ ಕೂಸು. ಹೊತ್ತ ಜ್ವರ ಎದೆಹಾಲಿಗೂ ಇಳಿಯುತ್ತದೆಂದು ಬಲ್ಲ ಅವಳ ಕೈ ಮೇಲೇಳಲಿಲ್ಲ. ಅಷ್ಟರಲ್ಲಿ ಪಕ್ಕದಲ್ಲಿದ್ದ ಮುದಿ ಹವಾಲ್ದಾರ ದ್ಯಾವಪ್ಪ ತನ್ನ ಕೈ ಮುಂದೆ ಮಾಡಿ ಸಾಹೇಬರ ಕೈ ಹಿಡಿದುಬಿಟ್ಟ.

"ಕಾಕಾ, ನಿನ್ನಿ ಹೊತ್ತ ಜ್ವರಾನ ನಿಮಗಿನ್ನೂ ಇಳಿದಿಲ್ಲ!" ಎಂದು ಅವಳು ಪಿಸುಗುಟ್ಟಿದಳು.

"ಹೊತ್ತಿದ ಒಲಿ ಐತಿ, ಇನ್ನೊಂದು ಕಟಗಿ ಇಟ್ರ ಏನಾತವ್ವಾ? ನೀ ಕೂಸಿಗೆ ಹಾಲು ಕುಡಸು."

ಇನ್‌ಸ್ಪೆಕ್ಟರರ ಮುಖ ತಿಳಿಯಾಯಿತು. ಅವರು ಸಾಬೂನು ಹಚ್ಚಿ ಕೈ ತೊಳೆದುಕೊಂಡು ಬಂದು ನಿಂತರು. ದ್ಯಾವಪ್ಪ ಎಂದಿನಂತೆ ಸೆಲ್ಯೂಟ್ ಹೊಡೆದ. ಹಣೆಗೆ ತಾಗಿದ ಬೆರಳುಗಳು ಗಡಗಡ ನಡುಗಿದವು.

"ಏನ್ರೀ ಇದು, ಸೆಲ್ಯೂಟ್ ಮರ್ತೀರೇನು? ನೀಲಗಂಗಾ, ಇವರ ಹೆಸರು ಬರಕೋ. ಅಶಿಸ್ತು ಅಂತ ಬರಿ."

ನೀಲಗಂಗಾ ಬರೆದಳು. ಜ್ವರವಿಲ್ಲದ ಕೈ, ಅಕ್ಷರಗಳು ದುಂಡಗೆ ಬಂದವು.