ತಮ್ಮನ ಒಂದು ಶೂ

ಆ ದಿನ ನಾನು ನಿಜ ಹೇಳಲಿಲ್ಲ. ಒದ್ದೆ ಕ್ಯಾನ್‌ವಾಸ್ ಶೂ ವಾಸನೆ ಬಂದರೆ ಈಗಲೂ ಆ ಮಧ್ಯಾಹ್ನ ಕಣ್ಣೆದುರು ನಿಲ್ಲುತ್ತದೆ.

ಚಳಿಗಾಲದ ರಜೆಯಲ್ಲಿ ಪರದೇಶದಲ್ಲಿ ಆಗ ನಾವಿದ್ದ ಸ್ಟಾಫರ್ಡ್ ಊರಿನಿಂದ ಇಡೀ ದಿನ ಡ್ರೈವ್ ಮಾಡಿ ಹೋಗಿ, ಮಾರನೆಯ ದಿನ ಮರುಭೂಮಿಯ ಬೆಟ್ಟ ಹತ್ತಿದ್ದೆವು. ಬಂಡೆಯಿಂದ ನೀರು ಸಣ್ಣಗೆ ಬೀಳುತ್ತಿತ್ತು. “ತೀರ್ಥ ಇದ್ದ ಹಾಗಿದೆ, ಶೂ ಬಿಚ್ಚಿ,” ಅಂದರು ಅಮ್ಮ.

“ಪೂಜಾರಿ ಎಲ್ಲೇ?” ಅಂತ ನಗುತ್ತಾ ಅಪ್ಪನೂ ಬಿಚ್ಚಿದರು.

ನನಗೆ ಹನ್ನೊಂದು, ತಮ್ಮನಿಗೆ ಆರು ವರ್ಷ. ಅವನನ್ನು ಆಟ ಆಡಿಸೋಣ ಅಂತ ಅವನ ಒಂದು ಶೂ ಬಂಡೆಯಂಚಿನಲ್ಲಿ ಬಚ್ಚಿಟ್ಟೆ. ಅದು ಜಾರಿ ಕಂದಕಕ್ಕೆ ಬಿತ್ತು. ಅವನು ನೋಡಿಬಿಟ್ಟ.

“ಶೂ ಎಲ್ಲೋ?” ಅಪ್ಪ ಗದರಿದರು. ತಮ್ಮ ನನ್ನ ಮುಖ ನೋಡಿದ. “ಐ ಲಾಸ್ಟ್ ಇಟ್, ಡ್ಯಾಡಿ.”

ನಾನು ಬಗ್ಗಿ ನನ್ನ ಶೂ ಲೇಸ್ ಕಟ್ಟಿಕೊಂಡೆ.

ಬೆಟ್ಟ ಇಳಿಯುವಾಗ ಅಪ್ಪ ಅವನನ್ನು ಹೊತ್ತು ಹೊತ್ತು ಸುಸ್ತಾಗಿ ಕೆಳಗಿಳಿಸಿದರು. ತಮ್ಮ ಬಂಡೆಯ ನೀರಿಗೆ ಒದ್ದೆಯಾಗಿದ್ದ ಇನ್ನೊಂದು ಶೂ ತಬ್ಬಿಕೊಂಡು ಕಾಲುಚೀಲದಲ್ಲೇ ನಡೆದ. ಕಳ್ಳಿಮುಳ್ಳು ಅಂಗಾಲಿಗೆ ಆಳವಾಗಿ ಹೊಕ್ಕಿತು. ಗಾಯ ಕೀವು ತುಂಬಿ ಬೆರಳಿಗೂ ಹರಡಿ, ಕಾಲಿನ ಎರಡು ಬೆರಳು ತೆಗೆಸಬೇಕಾಯಿತು.

“ಶೂ ಜೋಪಾನ ಮಾಡಿದ್ದಿದ್ದರೆ ಬೆರಳು ಉಳೀತಿತ್ತು,” ಅಂತ ಅಪ್ಪ ಸಾಯುವವರೆಗೂ ಅವನನ್ನೇ ಬೈದರು. ಅವನು ಒಮ್ಮೆಯೂ ನನ್ನ ಹೆಸರು ಹೇಳಲಿಲ್ಲ.

ಅಪ್ಪನ ತಿಥಿಯ ದಿನ ಅವನು ಕುಂಟುತ್ತಾ ಎಲೆ ಹಾಕುತ್ತಿದ್ದ. ಎಲ್ಲರೆದುರೇ ಹೇಳಿದೆ: “ಶೂ ಬೀಳಿಸಿದ್ದು ನಾನು ಕಣೋ. ಅಪ್ಪ ಇದ್ದಾಗಲೇ ಹೇಳಬೇಕಿತ್ತು. ತಪ್ಪಾಯ್ತು.”